ಪಾರ್ಕೆಂಡ್‌ಗೆ ಉಗಿಬಂಡಿ: ಬೆಳಗಿನ ಗಾಡಿ ಹಿಡಿದರೆ ಮಾತ್ರ ಹಣ ವಸೂಲು

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಡೀನ್ ಕಾಡಿನಲ್ಲಿ ಓಡುವ ಡೀನ್ ಫಾರೆಸ್ಟ್ ರೈಲ್ವೆಯ ಹಾದಿ ಹೆಚ್ಚೆಂದರೆ 7 ಕಿ.ಮೀ. ಲಿಡ್ನಿ ಜಂಕ್ಷನ್‌ನಲ್ಲಿ ಹತ್ತಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಪಾರ್ಕೆಂಡ್ ಹಳ್ಳಿ. ಅದೇ ಗಾಡಿಯಲ್ಲಿ ತಿರುಗಿ ಬಂದರೆ ‘ಇಷ್ಟೇನಾ’ ಅನ್ನಿಸುತ್ತದೆ. ಇಳಿದು ಕಾಡಿಗೆ ನಡೆದವರಿಗೆ ಇದು ಬಂಗಾರದಂಥ ಸೇವೆ.

ಗ್ಲಾಸ್ಟರ್–ನ್ಯೂಪೋರ್ಟ್ ಮಾರ್ಗದ ಲಿಡ್ನಿ ನಿಲ್ದಾಣದಿಂದ ಲಿಡ್ನಿ ಜಂಕ್ಷನ್‌ಗೆ ಕೆಲವೇ ನಿಮಿಷದ ನಡಿಗೆ, ಕಾರೇ ಬೇಕೆಂದಿಲ್ಲ. ಆದರೆ ಉಗಿಬಂಡಿ ದಿನಾ ಓಡುವುದಿಲ್ಲ. ಮೊದಲು ವೇಳಾಪಟ್ಟಿ ನೋಡಿ, ಆಮೇಲೆ ಉಳಿದ ಯೋಜನೆ. ದಾರಿ ನಡುವಿನ ನಾರ್ಚರ್ಡ್ ನಿಲ್ದಾಣದಲ್ಲಿ ಹತ್ತುವವರಿಗೆ ಇನ್ನೊಂದು ಮಾತು: ಅಲ್ಲಿ ಮೇಲಿನದೊಂದು, ಕೆಳಗಿನದೊಂದು, ಹೀಗೆ ಎರಡು ಪ್ಲಾಟ್‌ಫಾರ್ಮ್ ಇವೆ. ನಿಮ್ಮ ಗಾಡಿ ಯಾವುದಕ್ಕೆ ಬರುತ್ತದೆಂದು ಟಿಕೆಟ್ ಕೌಂಟರಿನಲ್ಲೇ ಕೇಳಿಬಿಡಿ.

ಈ ಹಳಿಗೆ ಜೀವ ಕೊಟ್ಟದ್ದೇ ಕಲ್ಲಿದ್ದಲು. ಪ್ರಯಾಣಿಕರ ಗಾಡಿ 1929ರಲ್ಲೇ ನಿಂತರೂ ಸರಕು ಸಾಗಣೆ 1976ರವರೆಗೆ ನಡೆಯಿತು. ಪಾರ್ಕೆಂಡ್‌ನಲ್ಲಿ ಕಬ್ಬಿಣದ ಕಾರ್ಖಾನೆಯ ಎಂಜಿನ್ ಮನೆ ಇನ್ನೂ ನಿಂತಿದೆ. 1822ರ ಎಂಟು ಮೂಲೆಯ ಚರ್ಚು ಕಾಡಿನಂಚಿನಲ್ಲಿದೆ. ಇವೆರಡಕ್ಕೆ ಅರ್ಧ ಗಂಟೆ ಸಾಕು.

ಸಮಯ ಕೊಡಬೇಕಾದ್ದು ನ್ಯೂ ಫ್ಯಾನ್ಸಿ ದಿಬ್ಬಕ್ಕೆ. ಹಳ್ಳಿಯಿಂದ ಸುಮಾರು 2 ಕಿ.ಮೀ. ಏರುದಾರಿ. 1944ರಲ್ಲಿ ಮುಚ್ಚಿದ ಗಣಿಯಿಂದ ಹೊರತೆಗೆದು ಸುರಿದ ಕಲ್ಲುಮಣ್ಣೇ ಈ ದಿಬ್ಬ. ಬೂಟಿನ ತುದಿಯಿಂದ ಎಲೆ ಸರಿಸಿದರೆ ಅಡಿಯಲ್ಲಿ ಕಪ್ಪು ಮಣ್ಣು, ಚಕ್ಕೆ ಚಕ್ಕೆಯಾದ ಕಲ್ಲು. ತುದಿಯಲ್ಲಿ ನಿಂತು ನೋಡಿದರೆ ಎಲ್ಲೆಲ್ಲೂ ಮರಗಳ ನೆತ್ತಿ, ಒಂದು ಕಾಲಕ್ಕೆ ಇದು ಗಣಿಗಳ ನಾಡು ಎಂದರೆ ನಂಬಲಾಗದು. ಫೆಬ್ರುವರಿ–ಮಾರ್ಚ್‌ನಲ್ಲಿ ಬಿಸಿಲಿದ್ದ ಬೆಳಗ್ಗೆ ಗಾಸ್‌ಹಾಕ್ ಗಿಡುಗಗಳು ಮರಗಳ ಮೇಲೆ ಸುತ್ತುತ್ತವೆ. ಬೈನಾಕ್ಯುಲರ್ ಇಲ್ಲದಿದ್ದರೆ ಚುಕ್ಕೆಯಷ್ಟೇ ಕಂಡೀತು. ಮೋಡ ಮುಸುಕಿದ ದಿನ ಅದೂ ಅನುಮಾನ. ಮಧ್ಯಾಹ್ನದ ಗಾಡಿಯಲ್ಲಿ ಬಂದವರು ಸೋಲುವುದು ಇಲ್ಲೇ: ಹತ್ತಿ, ನೋಡಿ, ಇಳಿದು ಬರಲು ಎರಡೂವರೆ ಗಂಟೆಯಾದರೂ ಬೇಕು.

ಹಳ್ಳಿಯ ಇನ್ನೊಂದು ಬದಿಯ ನ್ಯಾಗ್ಸ್‌ಹೆಡ್ ಓಕ್ ಕಾಡಿಗೆ ವಸಂತದಲ್ಲಿ ಹೋಗಿ. ಓಕ್ ಎಲೆ ತಿನ್ನುವ ಹುಳು ಹತೋಟಿಗೆ ಬರಲೆಂದು 1942ರಲ್ಲಿ ಇಲ್ಲಿ ಹಕ್ಕಿಗಳಿಗೆ ಗೂಡುಪೆಟ್ಟಿಗೆ ಕಟ್ಟಲು ಶುರುಮಾಡಿದರು. ಪೈಡ್ ನೊಣಹಿಡುಕ ಎಂಬ ಪುಟ್ಟ ಹಕ್ಕಿ ಈಗಲೂ ಅವುಗಳಲ್ಲಿ ಮರಿಮಾಡುತ್ತದೆ. ಪೆಟ್ಟಿಗೆಯ ಹತ್ತಿರ ಹೋಗಬೇಡಿ, ದಾರಿಯಿಂದಲೇ ನೋಡಿ.

ಗಣಿಗಾರಿಕೆ ಪೂರ್ತಿ ಸತ್ತಿಲ್ಲ ಎಂಬುದೇ ಈ ಕಾಡಿನ ವಿಶೇಷ. ದೊಡ್ಡ ಗಣಿಗಳಲ್ಲಿ ಕೊನೆಯದು 1965ರಲ್ಲಿ ಮುಚ್ಚಿತು. ಆದರೆ ಸೇಂಟ್ ಬ್ರಿಯಾವೆಲ್ಸ್ ಹಂಡ್ರೆಡ್ ಎಂಬ ಸೀಮೆಯೊಳಗೆ ಹುಟ್ಟಿ, 21 ದಾಟಿ, ಅಲ್ಲಿನ ಗಣಿಯಲ್ಲಿ ಒಂದು ವರ್ಷ ಒಂದು ದಿನ ದುಡಿದವರು ಫ್ರೀಮೈನರ್ ಆಗಿ ಸ್ವಂತಕ್ಕೆ ಅಗೆಯಬಹುದು. 1838ರ ಕಾಯಿದೆ ಈ ಹಕ್ಕನ್ನು ಬರಹಕ್ಕಿಳಿಸಿತು. ಕಾಡಿನಲ್ಲಿ ಪುಟ್ಟ ಸುರಂಗದ ಬಾಯಿ ಕಂಡರೆ ಪಾಳು ಗುಹೆ ಎಂದುಕೊಂಡು ನುಗ್ಗಬೇಡಿ. ಕುಸಿತ, ಆಮ್ಲಜನಕವಿಲ್ಲದ ಗಾಳಿ, ಎರಡೂ ಮುನ್ಸೂಚನೆ ಕೊಡುವುದಿಲ್ಲ. ಒಳಗೆ ನೋಡುವ ಆಸೆಯಿದ್ದರೆ ಕ್ಯಾನಪ್ ಬಳಿಯ ಹೋಪ್‌ವೆಲ್ ಗಣಿಗೆ ಹೋಗಿ, ಮಾರ್ಗದರ್ಶಿಯ ಜೊತೆ ಇಳಿಯಿರಿ. ಅಲ್ಲಿ ಲಿಫ್ಟ್ ಇಲ್ಲ, ಇಳಿಜಾರಿನಲ್ಲಿ ನಡೆದೇ ಹೋಗಬೇಕು. ಮಂಡಿನೋವಿನವರು ಯೋಚಿಸಿ ಹೊರಡಿ.

ಕಾಡುಹಂದಿಗಳಿವೆ, ನಾಯಿಯಿದ್ದರೆ ಹಗ್ಗ ಬಿಡಬೇಡಿ. ಮರದಡಿ ಫೋನ್ ಸಿಗ್ನಲ್ ನಂಬುವಂಥದ್ದಲ್ಲ. ನಕ್ಷೆಯನ್ನೂ ವಾಪಸ್ ಗಾಡಿಯ ಕೊನೆಯ ಹೊತ್ತನ್ನೂ ನಿಲ್ದಾಣದಲ್ಲೇ ಫೋಟೊ ತೆಗೆದಿಟ್ಟುಕೊಳ್ಳಿ.