ಶಿಫಾರಸು ಪತ್ರ ಯಾರ ಇಮೇಲ್‌ನಿಂದ ಹೋಗಿದೆ ಎಂದು ಇಂದೇ ನೋಡಿಕೊಳ್ಳಿ

ಅಮೆರಿಕದಲ್ಲಿ ಎಂ.ಎಸ್. ಮಾಡಲು ಹಾಸನದಲ್ಲಿ ಯಾವುದಾದರೂ ಕನ್ಸಲ್ಟೆನ್ಸಿಗೆ ಹಣ ಕಟ್ಟಿರುವವರು ಮತ್ತು ಕಟ್ಟಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಬ್ಯಾಂಕಿನ ಫಾರಂ ತುಂಬಿಸಿಕೊಳ್ಳಲು ಊರಿನವರೆಲ್ಲ ನಮ್ಮ ಮನೆಗೆ ಬರುತ್ತಾರೆ. ಅಂಥ ನಾನು ನನ್ನದೇ ಅರ್ಜಿಯನ್ನು ಒಮ್ಮೆಯೂ ಓದದೆ ಬೇರೆಯವರ ಕೈಗೆ ಒಪ್ಪಿಸಿ ನಿಶ್ಚಿಂತೆಯಾಗಿ ಕುಳಿತಿದ್ದೆ.

ಕಳೆದ ಜೂನ್‌ನಲ್ಲಿ ಅಪ್ಪನೊಂದಿಗೆ ಬಿ.ಎಂ. ರಸ್ತೆಯ ಆ ಕಚೇರಿಗೆ ಹೋದೆ. ಐದು ವಿಶ್ವವಿದ್ಯಾಲಯಗಳಿಗೆ ಅರ್ಜಿ, ಎಸ್‌ಒಪಿ (ಏಕೆ ಓದಲು ಬಯಸುತ್ತೇವೆ ಎಂದು ಬರೆಯುವ ಉದ್ದೇಶ ಪತ್ರ), ಶಿಫಾರಸು ಪತ್ರಗಳ 'ವ್ಯವಸ್ಥೆ', ವೀಸಾ ತಯಾರಿ ಎಲ್ಲವೂ ಸೇರಿ 85,000 ರೂಪಾಯಿ ಎಂದರು. ಅಪ್ಪ ಶುಂಠಿ ಮಾರಿ ತೆಗೆದಿಟ್ಟಿದ್ದ ಹಣದಿಂದ ಒಂದೇ ಕಂತಿನಲ್ಲಿ ಕಟ್ಟಿದರು. ಆ ದಿನ ಅಪ್ಪನನ್ನು 'ಯಜಮಾನ್ರೇ' ಎಂದೂ ನನ್ನನ್ನು 'ಮೇಡಂ' ಎಂದೂ ಕರೆದರು, ಕಾಫಿಯನ್ನೂ ತರಿಸಿದರು. 'ವ್ಯವಸ್ಥೆ' ಎಂಬ ಮಾತು ಕೇಳಿದಾಗಲೇ ನಾನು ಎದ್ದು ಬರಬೇಕಿತ್ತು.

ಶಿಫಾರಸು ಪತ್ರ ಹೇಗೆ ಹೋಗುತ್ತದೆ ಎಂಬುದು ಅರ್ಜಿ ಹಾಕಿದವರಿಗೆ ತಿಳಿದೇ ಇದೆ. ನಾವು ಪ್ರಾಧ್ಯಾಪಕರ ಹೆಸರು ಮತ್ತು ಇಮೇಲ್ ವಿಳಾಸವನ್ನು ನಮೂದಿಸುತ್ತೇವೆ, ವಿಶ್ವವಿದ್ಯಾಲಯವು ನೇರವಾಗಿ ಅವರಿಗೆ ಲಿಂಕ್ ಕಳುಹಿಸುತ್ತದೆ, ಅವರೇ ಪತ್ರವನ್ನು ಸೇರಿಸುತ್ತಾರೆ. ನಾನು ಮೂವರ ಹೆಸರು ಕೊಟ್ಟೆ. ಪ್ರಾಜೆಕ್ಟ್ ಗೈಡ್ ಆಗಿದ್ದ ಸರ್ ಬರೆದುಕೊಡುತ್ತೇನೆ ಎಂದು ಮೊದಲೇ ಒಪ್ಪಿದ್ದರು. ಕನ್ಸಲ್ಟೆನ್ಸಿಯವರು ಅರ್ಜಿಗೆಂದೇ ಹೊಸದೊಂದು ಇಮೇಲ್ ತೆರೆದು, ಅದರ ಪಾಸ್‌ವರ್ಡನ್ನು ತಮ್ಮಲ್ಲೇ ಇಟ್ಟುಕೊಂಡರು. ಪತ್ರಗಳ ಬಗ್ಗೆ ಕೇಳಿದಾಗ, "ಅದು ಗೋಪ್ಯ ಮೇಡಂ, ಅಮೆರಿಕದ ಕಾನೂನು. ನೀವು ನೋಡುವ ಹಾಗಿಲ್ಲ, ಸರ್ ಹತ್ತಿರ ಆ ಮಾತು ಎತ್ತಲೂಬಾರದು, ಅರ್ಜಿ ರದ್ದಾಗುತ್ತದೆ" ಎಂದರು. ನಾನು ನಂಬಿದೆ.

ಅವರು ಹೇಳಿದ ಕಾನೂನು ಇರುವುದು ನಿಜ. 1974ರ ಫೆರ್ಪಾ ಎಂಬ ಕಾಯ್ದೆಯ ಪ್ರಕಾರ ವಿದ್ಯಾರ್ಥಿಗೆ ತನ್ನ ಕಡತವನ್ನು ನೋಡುವ ಹಕ್ಕಿದೆ. ಶಿಫಾರಸು ಪತ್ರಗಳ ಮಟ್ಟಿಗೆ ಆ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ಅರ್ಜಿಯಲ್ಲಿ ಗುರುತು ಹಾಕಬಹುದು, ಹೆಚ್ಚಿನವರು ಹಾಕುತ್ತಾರೆ. ಆದರೆ ಪತ್ರ ಕಳುಹಿಸಿದಿರಾ ಎಂದು ಸರ್ ಅವರನ್ನು ಕೇಳಬಾರದು ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ನಿಜವಾದ ಕಾನೂನಿಗೆ ಸುಳ್ಳಿನ ಬಾಲ ಅಂಟಿಸಿ ನನ್ನ ಬಾಯಿ ಮುಚ್ಚಿಸಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅದಕ್ಕೂ ಮೊದಲೇ ಒಮ್ಮೆ ಹಾಸನಾಂಬ ದರ್ಶನದ ಸಾಲಿನಲ್ಲಿ ಅದೇ ಗೈಡ್ ಸರ್ ನನ್ನ ಮುಂದೆಯೇ ನಿಂತಿದ್ದರು. "ಅರ್ಜಿ ಎಲ್ಲಿಗೆ ಬಂತಮ್ಮ?" ಎಂದು ಅವರಾಗಿಯೇ ಕೇಳಿದರು. ನಾನು ನಕ್ಕು, ನಡೆಯುತ್ತಿದೆ ಸರ್ ಎಂದಷ್ಟೇ ಹೇಳಿ ಮಾತು ಬದಲಿಸಿದೆ. ಒಂದು ಪ್ರಶ್ನೆ ಕೇಳಿದ್ದರೆ ಎಲ್ಲವೂ ಅಲ್ಲಿಯೇ ಬಯಲಾಗುತ್ತಿತ್ತು.

ಜನವರಿಯಲ್ಲಿ ಸರ್ ಫೋನ್ ಮಾಡಿದರು. "ನಾನು ನಿನಗೆ ಯಾವಾಗ ಪತ್ರ ಬರೆದೆನಮ್ಮ?" ಎಂದರು. ಒಂದು ವಿಶ್ವವಿದ್ಯಾಲಯದವರು ಅನುಮಾನ ಬಂದು, ಕಾಲೇಜಿನ ಜಾಲತಾಣದಲ್ಲಿದ್ದ ಅವರ ಅಧಿಕೃತ ವಿಳಾಸಕ್ಕೆ ಪತ್ರದ ಪ್ರತಿಯನ್ನು ಕಳುಹಿಸಿ, ಇದು ನಿಮ್ಮದೇ ಎಂದು ಕೇಳಿದ್ದರು. ಸರ್ ಹೆಸರಿನಲ್ಲಿ ಯಾರೋ ತೆರೆದ ಜಿಮೇಲ್‌ನಿಂದ ಹೋಗಿದ್ದ ಪತ್ರ ಅದು. "ನಾಲ್ಕು ಕಡೆ ನಿನ್ನನ್ನು ಹುಡುಗ ಎಂದು ಬರೆದಿದ್ದಾರೆ" ಎಂದು ಅವರು ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಯಾರದೋ ಪತ್ರದಲ್ಲಿ ಹೆಸರು ಮಾತ್ರ ಬದಲಿಸಿದ್ದರು. ಸರ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನೀನು ಕೇಳಿದ್ದರೆ ಬರೆಯುತ್ತಿರಲಿಲ್ಲವೇ?" ಎಂದು ಒಂದೇ ಮಾತು ಹೇಳಿ ಫೋನ್ ಇಟ್ಟರು.

ಮರುದಿನ ಬೆಳಿಗ್ಗೆಯೇ ಆ ಕಚೇರಿಗೆ ಹೋದೆ. ಈ ಬಾರಿ ಕಾಫಿ ಇರಲಿಲ್ಲ, 'ಮೇಡಂ' ಕೂಡ ಇರಲಿಲ್ಲ. "ನೋಡಮ್ಮ, ಎಲ್ಲರೂ ಹೀಗೆಯೇ ಮಾಡುವುದು, ನಿನ್ನ ಅದೃಷ್ಟ ಸರಿಯಿಲ್ಲ, ಸಿಕ್ಕಿಬಿತ್ತು" ಎಂದರು. ನಕಲಿ ಪತ್ರ ಮಾಡಿ ಎಂದು ನಾನು ಹೇಳಿದ್ದೆನೇ ಎಂದು ಕೇಳಿದರೆ, "ಎಲ್ಲ ನೋಡಿಕೊಳ್ಳಿ ಎಂದು ಹೇಳಿದ್ದು ನೀನೇ ಅಲ್ಲವೇ?" ಎಂದರು. ಹಣ ವಾಪಸು ಕೇಳಿದ್ದಕ್ಕೆ, "ಅರ್ಜಿಯ ಕೊನೆಯಲ್ಲಿ ಇದೆಲ್ಲವೂ ಸತ್ಯ ಎಂದು ಇರುವುದು ನಿನ್ನ ಸಹಿ, ನಮ್ಮದಲ್ಲ" ಎಂದರು. ಈ ಕೊನೆಯ ಮಾತು ಮಾತ್ರ ನಿಜ, ಅದಕ್ಕೇ ಇಷ್ಟು ಉರಿಯುತ್ತಿದೆ. ಸಹಿ ನನ್ನದೇ.

ಪಾಸ್‌ವರ್ಡ್ ಕೊಡುವವರೆಗೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ತೆರೆದು ನೋಡಿದರೆ ಐದೂ ಅರ್ಜಿಗಳಲ್ಲಿ ಮೂವರ ಹೆಸರಿನಲ್ಲೂ ಅಂಥದೇ ಜಿಮೇಲ್ ವಿಳಾಸಗಳು. ನಾನು ಆರಿಸಿದ್ದ ಐದರಲ್ಲಿ ಎರಡು ವಿಶ್ವವಿದ್ಯಾಲಯಗಳೇ ಇರಲಿಲ್ಲ. ಅವುಗಳ ಜಾಗದಲ್ಲಿ ನಾನು ಹೆಸರೇ ಕೇಳದ ಎರಡು ಇದ್ದವು. "ಅಲ್ಲಿ ನಮಗೆ ಟೈ-ಅಪ್ ಇದೆ, ಸೀಟು ಗ್ಯಾರಂಟಿ" ಎಂದರು. ಟೈ-ಅಪ್ ಎಂದರೆ ಕಮಿಷನ್. ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಸಂಸ್ಥೆಗಳು ಸ್ವದೇಶದ ವಿದ್ಯಾರ್ಥಿಗಳನ್ನು ತಲೆ ಲೆಕ್ಕದ ಕಮಿಷನ್ ಕೊಟ್ಟು ಸೇರಿಸಿಕೊಳ್ಳುವುದನ್ನು ಅಮೆರಿಕ ನಿಷೇಧಿಸಿದೆ, ಆದರೆ ಆ ನೆರವಿಗೆ ಅರ್ಹರಲ್ಲದ, ಹೊರದೇಶದಲ್ಲಿರುವ ನಮ್ಮಂಥವರ ವಿಷಯದಲ್ಲಿ ವಿನಾಯಿತಿ ಕೊಟ್ಟಿದೆ. ಅಂದರೆ ಅಪ್ಪನಿಂದ 85,000 ಪಡೆದವರು ಅತ್ತ ಕಡೆಯಿಂದಲೂ ಪಡೆಯುವ ಲೆಕ್ಕದಲ್ಲಿದ್ದರು. ಪ್ರವೇಶಕ್ಕಾಗಿ ಬರೆಯುವ ಜಿಆರ್‌ಇ ಪರೀಕ್ಷೆಯ ಅಂಕ ಕಳುಹಿಸಲು ಬೇರೆ ಹಣ ತೆಗೆದುಕೊಂಡಿದ್ದರು. ಪರೀಕ್ಷೆಯ ದಿನವೇ ನಾಲ್ಕು ವಿಶ್ವವಿದ್ಯಾಲಯಗಳನ್ನು ಆರಿಸಿದರೆ ಆ ವರದಿಗಳು ಉಚಿತ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಓದಿರಲಿಲ್ಲ, ಅದು ಬೇರೆ ಮಾತು.

ಒಂದು ಅರ್ಜಿಯನ್ನು, ಸರ್‌ಗೆ ಪತ್ರದ ಪ್ರತಿ ಕಳುಹಿಸಿದ್ದ ವಿಶ್ವವಿದ್ಯಾಲಯದವರೇ ತಿರಸ್ಕರಿಸಿದರು. ಉಳಿದ ನಾಲ್ಕಕ್ಕೆ ನಾನೇ ನಡೆದದ್ದನ್ನು ಬರೆದು ಅರ್ಜಿ ಹಿಂಪಡೆದೆ. ಅರ್ಜಿ ಶುಲ್ಕಗಳು ಹೋದವು, ಒಂದು ವರ್ಷವೂ ಹೋಯಿತು. ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಆದರೆ ನನ್ನ ರಸೀದಿಯಲ್ಲಿ 'ಸೇವಾ ಶುಲ್ಕ' ಎಂಬ ಎರಡು ಪದ ಬಿಟ್ಟರೆ ಬೇರೇನೂ ಇಲ್ಲ. ಯಾವ ಸೇವೆ ಎಂದು ಬರೆಸಿಕೊಳ್ಳುವ ಬುದ್ಧಿ ಆ ದಿನ ನನಗೂ ಬರಲಿಲ್ಲ, ಅಪ್ಪನಿಗೂ ಬರಲಿಲ್ಲ. ನೀವಾದರೂ ಬರೆಸಿಕೊಳ್ಳಿ. ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಈ ರಾತ್ರಿಯೇ ಲಾಗಿನ್ ಆಗಿ, ಶಿಫಾರಸುದಾರರ ಜಾಗದಲ್ಲಿ ಯಾವ ವಿಳಾಸವಿದೆ ಎಂದು ನೋಡಿ, ನಾಳೆ ಬೆಳಿಗ್ಗೆ ನಿಮ್ಮ ಸರ್‌ಗೆ ಫೋನ್ ಮಾಡಿ ಕೇಳಿ. ಯಾವ ಕಾನೂನೂ ಅದಕ್ಕೆ ಅಡ್ಡ ಬರುವುದಿಲ್ಲ.