ಎರಡು ಬೇಸ್ ಗಿಟಾರ್ ಇದ್ದಮೇಲೆ ಮೂರನೆಯದು ಬೇಕಾ? ವರ್ಷಗಳ ಬಳಕೆಯ ನಂತರ ನನ್ನ ಅಭಿಪ್ರಾಯ

ನನ್ನ ಹತ್ತಿರ ನಾಲ್ಕು ತಂತಿಯ ಎರಡು ಬೇಸ್ ಇವೆ. ಒಂದು ಪ್ರೆಸಿಷನ್ ಮಾದರಿಯದು, ಇನ್ನೊಂದು ಜಾಝ್ ಮಾದರಿಯದು. ದಾವಣಗೆರೆ, ಹರಿಹರ, ಜಗಳೂರು ಕಡೆಯ ಗಣಪತಿ ಪೆಂಡಾಲ್, ಆರತಕ್ಷತೆ, ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆ ಹೊತ್ತಿನ ರಸಮಂಜರಿ, ಎಲ್ಲ ಕಡೆ ಎರಡನ್ನೂ ವರ್ಷಗಟ್ಟಲೆ ದುಡಿಸಿದ್ದೇನೆ. ಮೂರನೆಯದಕ್ಕೆ ದುಡ್ಡು ಹಾಕಬೇಕಾ ಎಂದು ಯೋಚಿಸುತ್ತಿರುವವರಿಗೆ ನನ್ನ ಉತ್ತರ ಮೊದಲೇ ಹೇಳುತ್ತೇನೆ: ಇನ್ನೊಂದು ನಾಲ್ಕು ತಂತಿಯದು ಬೇಡ. ಗಾಯಕರ ಜೊತೆ ನುಡಿಸುವವರಾದರೆ ಐದು ತಂತಿಯದು ಬೇಕು.

ಪ್ರೆಸಿಷನ್ ನನ್ನ ಮುಖ್ಯ ವಾದ್ಯ. ಫೆಂಡರ್ ಕಂಪನಿ 1951ರಲ್ಲಿ ತಂದ ವಿನ್ಯಾಸ ಇದು. 1957ರಲ್ಲಿ ಅದರ ಪಿಕಪ್ಪನ್ನು, ಅಂದರೆ ತಂತಿಯ ಅದುರನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತದ ಸುರುಳಿಯನ್ನು, ಎರಡು ತುಂಡು ಮಾಡಿದರು. ಆ ಎರಡು ತುಂಡುಗಳ ಸುತ್ತು ಒಂದಕ್ಕೊಂದು ಉಲ್ಟಾ ಇರುವುದರಿಂದ ಕರೆಂಟಿನ ಗುಂಯ್ ಸದ್ದು ಪಿಕಪ್ಪಿನಲ್ಲೇ ಸತ್ತುಹೋಗುತ್ತದೆ. ಇದರ ಬೆಲೆ ತಿಳಿಯಬೇಕೆಂದರೆ ನಮ್ಮ ಪೆಂಡಾಲ್‌ಗಳಲ್ಲಿ ನುಡಿಸಬೇಕು. ಜನರೇಟರ್ ಕರೆಂಟು, ಅರ್ಥಿಂಗ್ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ, ಬೆನ್ನ ಹಿಂದೆಯೇ ಸೀರಿಯಲ್ ಸೆಟ್. ಇಂಥ ಕಡೆಯೂ ಪ್ರೆಸಿಷನ್ ಸುಮ್ಮನೆ ಕೆಲಸ ಮಾಡುತ್ತದೆ.

ಜಾಝ್ ಬೇಸ್ ಬಂದದ್ದು 1960ರಲ್ಲಿ. ಅದರ ನೆಕ್ (ಎಡಗೈ ಹಿಡಿಯುವ ಕತ್ತು) ನಟ್ಟಿನ, ಅಂದರೆ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳ ಪಟ್ಟಿಯ, ಹತ್ತಿರ ಸುಮಾರು 38 ಮಿಲಿಮೀಟರ್ ಅಗಲ ಮಾತ್ರ, ಹಾಗಾಗಿ ರಾತ್ರಿ ಹನ್ನೊಂದರವರೆಗೂ ನುಡಿಸಿದರೂ ಎಡಗೈ ಸೋಲುವುದಿಲ್ಲ. ಹಿಂದಿನ ಪಿಕಪ್ ಒಂದನ್ನೇ ಇಟ್ಟುಕೊಂಡರೆ ಬರುವ ಗಂಟುಗಂಟಾದ ನಾದ ನನಗೆ ಬಹಳ ಇಷ್ಟ. ಆದರೆ ಎರಡೂ ಪಿಕಪ್ ಸಮನಾಗಿ ತೆರೆದಿದ್ದರೆ ಮಾತ್ರ ಅದು ಸದ್ದಿಲ್ಲದೆ ಇರುವುದು. ಒಂದನ್ನು ಇಳಿಸಿದ ಕ್ಷಣ ಗುಂಯ್ ಶುರು. ಇಷ್ಟದ ಆ ನಾದ ಹೀಗೆ ಮನೆಯ ಅಭ್ಯಾಸಕ್ಕೇ ಉಳಿದುಹೋಗಿದೆ.

ನಮ್ಮೂರ ಹವೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಏಪ್ರಿಲ್‌ನ ಒಣ ಬಿಸಿಲಿಗೆ ನೆಕ್ಕಿನ ಮರ ತೇವ ಕಳೆದುಕೊಂಡು ನೆಟ್ಟಗಾಗುತ್ತದೆ, ತಂತಿ ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್ಟುಗಳಿಗೆ ಬಡಿದು ಗರಗರ ಅನ್ನುತ್ತದೆ. ಮಳೆಗಾಲಕ್ಕೆ ಅದೇ ನೆಕ್ ಮುಂದಕ್ಕೆ ಬಾಗಿ ತಂತಿ ಮೇಲೇಳುತ್ತದೆ. ಮೊದಲ ಫ್ರೆಟ್ ಮತ್ತು ನೆಕ್ ಬಾಡಿಗೆ ಸೇರುವ ಕಡೆಯ ಫ್ರೆಟ್ ಎರಡನ್ನೂ ಒತ್ತಿ ಹಿಡಿದು, ಏಳನೆಯ ಫ್ರೆಟ್ಟಿನ ಮೇಲೆ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡುತ್ತೇನೆ. ಕಾರ್ಡ್ ಸವರಿಕೊಂಡು ಹೋದರೆ ಸರಿ. ಇಲ್ಲದಿದ್ದರೆ ನೆಕ್ಕಿನ ಬಾಗು ಸರಿಪಡಿಸುವ ಒಳಗಿನ ಲೋಹದ ಸರಳಾದ ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಹೊಂದಿಸುತ್ತೇನೆ. ವಾದ್ಯ ಮೂರಾದರೆ ಈ ಆರೈಕೆಯೂ ಮೂರು ಪಟ್ಟು. ಒಳ್ಳೆಯ ತಂತಿಯ ಸೆಟ್ಟಿಗೆ ಒಮ್ಮೆಗೆ ಎರಡು ಸಾವಿರ ರೂಪಾಯಿ ಆಚೀಚೆ ಬೀಳುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಐದು ತಂತಿಯ ಮಾತು. ಅದರಲ್ಲಿ ಮಾಮೂಲಿ ಇ-ಎ-ಡಿ-ಜಿ ನಾಲ್ಕರ ಜೊತೆಗೆ ಅವಕ್ಕಿಂತ ಕೆಳಗಿನ ಬಿ ತಂತಿ ಒಂದು ಇರುತ್ತದೆ. ವೇದಿಕೆ ಹತ್ತುವ ಮುಂಚೆ ಗಾಯಕರು ಬಂದು, "ಅಣ್ಣಾ, ಗಂಟಲು ಸರಿ ಇಲ್ರಿ, ಅರ್ಧ ಇಳಿಸ್ರಿ" ಅನ್ನುತ್ತಾರೆ, ಅಂದರೆ ಹಾಡಿನ ಶ್ರುತಿ ಅರ್ಧ ಸ್ವರ ಕೆಳಗೆ. ಕೀಬೋರ್ಡ್‌ನವರು ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿದರೆ ಅವರ ಕೆಲಸ ಮುಗಿಯಿತು. ಬೇಸಿಗೆ ಆ ಬಟನ್ ಇಲ್ಲ. ನಾಲ್ಕು ತಂತಿಯ ಬೇಸಿನ ಅತಿ ಕೆಳಗಿನ ಸ್ವರ ಇ, 41 ಹರ್ಟ್ಸ್. ಇ ಶ್ರುತಿಯ ಹಾಡು ಅರ್ಧ ಇಳಿದರೆ ಮೂಲ ಸ್ವರವೇ ನನ್ನ ವಾದ್ಯದಲ್ಲಿ ಇರುವುದಿಲ್ಲ. ಒಂದು ಸ್ಥಾಯಿ ಮೇಲೆ ನುಡಿಸಬೇಕು. ಆಗ ಪಲ್ಲವಿಯ ಬುಡವೇ ಅಲುಗಾಡಿದಂತಾಗಿ, ಡೋಲಕ್ ಮತ್ತು ರಿದಮ್ ಪ್ಯಾಡ್ ಎಷ್ಟು ಬಿಗಿಯಾಗಿದ್ದರೂ ಹಾಡು ತೆಳುವಾಗಿ ಕೇಳುತ್ತದೆ. ಇ ತಂತಿಯನ್ನೇ ಡಿಗೆ ಇಳಿಸಿಕೊಳ್ಳಬಹುದು ನಿಜ. ಆದರೆ ಆ ತಂತಿಯ ಮೇಲಿನ ಬೆರಳಿನ ಜಾಗಗಳೆಲ್ಲ ಬದಲಾಗುತ್ತವೆ, ಒಂದರ ಹಿಂದೆ ಒಂದು ಹಾಡು ಬರುವ ಕಾರ್ಯಕ್ರಮದಲ್ಲಿ ಅದು ಕಷ್ಟ.

ದುಡ್ಡು ಹಾಕುವ ಮೊದಲು ಇರುವುದರಲ್ಲೇ ಪರೀಕ್ಷೆ ಮಾಡಿದೆ. ಐದು ತಂತಿಯ ಸೆಟ್ಟಿನಿಂದ ತೆಳ್ಳನೆಯ ಜಿ ಬಿಟ್ಟು, ಬಿ-ಇ-ಎ-ಡಿ ನಾಲ್ಕನ್ನು ಜಾಝ್ ಬೇಸಿಗೆ ಹಾಕಿದೆ. ಬಿ ತಂತಿ 130ರ ದಪ್ಪದ್ದು, ಹಳೆಯ ಇ ತಂತಿ 105ರದು (ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕ). ಬಿ ತಂತಿ ನಟ್ಟಿನ ಕಚ್ಚಿನಲ್ಲಿ ಕೂರಲೇ ಇಲ್ಲ. ಪರಿಚಯದ ಅಕ್ಕಸಾಲಿಗರೊಬ್ಬರ ಹತ್ತಿರ ಚಿನ್ನದ ಕೆಲಸದ ದುಂಡನೆಯ ಸಣ್ಣ ಅರ ಇಸಿದುಕೊಂಡು, ತಳ ಆಳವಾಗದಂತೆ ಪಕ್ಕಗಳನ್ನು ಮಾತ್ರ ಚೂರುಚೂರೇ ಉಜ್ಜಿ ಕಚ್ಚು ಅಗಲ ಮಾಡಿದೆ. ಇನ್ನೊಂದು ತುದಿಯಲ್ಲಿ ತಂತಿ ಕೂರುವ ಬ್ರಿಡ್ಜಿನ ಸ್ಯಾಡಲ್ ಹಿಂದೆ ಸರಿಸಿದ ಮೇಲೆ ಶ್ರುತಿ ನಿಂತಿತು.

ಬಿ ತಂತಿಯನ್ನು ಎಲ್ಲೂ ಒತ್ತದೆ ಖಾಲಿ ಮೀಟಿದರೆ 31 ಹರ್ಟ್ಸ್. ಬಾಡಿಗೆಗೆ ಬರುವ ಸ್ಪೀಕರ್ ಬಾಕ್ಸ್‌ಗಳಲ್ಲಿ ಹೆಚ್ಚಿನವು ಅಷ್ಟು ಕೆಳಗಿನ ಸದ್ದನ್ನು ಬಲವಾಗಿ ಹೊರಡಿಸುವುದಿಲ್ಲ. ಕೇಳುಗರ ಕಿವಿಗೆ ಸಿಗುವುದು 62 ಹರ್ಟ್ಸ್‌ನ ಮತ್ತು ಅದರ ಮೇಲಿನ ಅನುಸ್ವರಗಳೇ (ಮೂಲ ಸ್ವರದ ಜೊತೆಗೇ ಹುಟ್ಟುವ ಎತ್ತರದ ನಾದಗಳು), ಅವುಗಳಿಂದಲೇ ಕಿವಿ ಮೂಲ ಸ್ವರವನ್ನು ಗ್ರಹಿಸುತ್ತದೆ. ಆದರೂ ಲಾಭ ದೊಡ್ಡದು. ಇ ಫ್ಲ್ಯಾಟ್, ಡಿ, ಸಿ ಮೂರೂ ಕೈ ಸರಿಸದೆ ಬೆರಳ ಕೆಳಗೇ ಸಿಗುತ್ತವೆ, ಗಾಯಕರು ಎಷ್ಟೇ ಇಳಿಸಿದರೂ ಹಾಡಿನ ತೂಕ ಉಳಿಯುತ್ತದೆ. ನಷ್ಟ ಒಂದೇ, ಜಿ ತಂತಿ ಇಲ್ಲ. ಎಂಬತ್ತರ ದಶಕದ ಹಾಡುಗಳ ನಡುವೆ ಬರುವ ಮೇಲಿನ ತುಣುಕುಗಳನ್ನು ಡಿ ತಂತಿಯ ಮೇಲೆ ದೂರ ಓಡಿ ಹಿಡಿಯಬೇಕು. ಪ್ರತಿ ಕಾರ್ಯಕ್ರಮದಲ್ಲೂ ಜಿ ತಂತಿ ಬೇಕೆನಿಸಿದ್ದರಿಂದಲೇ ಐದು ತಂತಿಯದನ್ನು ಕೊಳ್ಳುವ ನಿರ್ಧಾರ ಗಟ್ಟಿಯಾಯಿತು.

ಕೊಳ್ಳುವವರು ದಯವಿಟ್ಟು ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ, ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಾದರೂ ಸರಿ. ಬಿ ತಂತಿಯ ಐದನೆಯ ಫ್ರೆಟ್ ಒತ್ತಿ ಮೀಟಿ, ಆಮೇಲೆ ಖಾಲಿ ಇ ಮೀಟಿ. ಸ್ವರ ಎರಡೂ ಒಂದೇ. ಮೊದಲನೆಯದು ಮಬ್ಬಾಗಿ, ಸಡಿಲವಾಗಿ ಕೇಳಿದರೆ ಆ ವಾದ್ಯ ಬೇಡ. 34 ಇಂಚಿನ ಬದಲು 35 ಇಂಚಿನ ಸ್ಕೇಲ್ (ನಟ್ಟಿನಿಂದ ಬ್ರಿಡ್ಜಿನವರೆಗಿನ ತಂತಿಯ ಉದ್ದ) ಇದ್ದರೆ ಬಿ ಹೆಚ್ಚು ಬಿಗಿಯಾಗಿರುತ್ತದೆ, ಆದರೆ ಕೈ ಚಾಚಬೇಕಾದ ದೂರವೂ ಹೆಚ್ಚು. ಬೆಲ್ಟ್ ಹಾಕಿಕೊಂಡು ಹದಿನೈದು ನಿಮಿಷ ನಿಂತೇ ನುಡಿಸಿ ತೂಕ ನೋಡಿ. ಆಕ್ಟಿವ್ ಆಗಿದ್ದರೆ, ಅಂದರೆ ನಾದ ಹೊಂದಿಸುವ ಸರ್ಕ್ಯೂಟ್ ವಾದ್ಯದಲ್ಲೇ ಇದ್ದರೆ, ಒಳಗೆ 9 ವೋಲ್ಟಿನ ಬ್ಯಾಟರಿ ಇರುತ್ತದೆ; ಕೇಬಲ್ ಚುಚ್ಚಿಯೇ ಬಿಟ್ಟರೆ ಅದು ಖರ್ಚಾಗುತ್ತಲೇ ಇರುತ್ತದೆ. ಬ್ಯಾಗಿನಲ್ಲಿ ಇನ್ನೊಂದು ಇಟ್ಟುಕೊಂಡಿರಿ.

ಪ್ರೆಸಿಷನ್ನನ್ನು ನಾನು ಮಾರುವುದಿಲ್ಲ. ಐದು ತಂತಿಯದು ಬಂದ ಮೇಲೆ ಜಾಝ್ ಬೇಸಿಗೆ ಮತ್ತೆ ಇ-ಎ-ಡಿ-ಜಿ ಹಾಕಬೇಕು. ಕಚ್ಚು ಅಗಲವಾಗಿರುವುದರಿಂದ ಅದಕ್ಕೆ ಹೊಸ ನಟ್ ಕೂರಿಸಬೇಕಾಗುತ್ತದೆ, ಆ ಖರ್ಚನ್ನೂ ಸೇರಿಸಿಯೇ ದುಡ್ಡು ಕೂಡಿಡುತ್ತಿದ್ದೇನೆ.