ಚೌಕಟ್ಟನ್ನು ಕಣ್ಣಾರೆ ನೋಡದೆ ತಗಡು ಹೊದಿಸಲು ಬಿಡಬೇಡಿ

ಹಳೆಯ ಕಾರಿಗೆ ಮರದ ಬಾಡಿ ಕಟ್ಟಿಸಲು ಹೊರಟಿರುವವರು ಮುಂಗಡ ಕೊಡುವ ಮುನ್ನ ಇದನ್ನು ಓದಿಕೊಳ್ಳಬೇಕೆಂದು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿರುವುದು 1920ರ ದಶಕದ ಆಸ್ಟಿನ್ ಸೆವೆನ್. ಅದರ ಬಾಡಿ ಎಂದರೆ ಆಷ್ ಎಂಬ ವಿದೇಶಿ ಮರದ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ತಗಡು. ಬಾಗಿಲಿನ ಭಾರ ಹೊರುವುದು ಹೊರಗೆ ಹೊಳೆಯುವ ತಗಡಲ್ಲ, ಒಳಗಿನ ಮರದ ಕಂಬಗಳು. ಅವುಗಳ ಬುಡ ಲಡ್ಡಾಗಿದ್ದರಿಂದ, ಲಾರಿ ಬಾಡಿ ಕಟ್ಟುವ ಕೋಲಾರದ ಒಂದು ಶೆಡ್ಡಿಗೆ ಕೆಲಸ ಒಪ್ಪಿಸಿದೆವು. "ಪೂರಾ ತೇಗದಲ್ಲೇ ಮಾಡ್ತೀವಿ ಸಾರ್" ಎಂಬ ಮಾತು ಸಿಕ್ಕಿತು, ಬಣ್ಣ ಹೊಡೆದ ಕಾರೂ ಹೇಳಿದ ಸಮಯಕ್ಕೆ ಮನೆಗೆ ಬಂತು.

ಮೊದಲ ಬೇಸಿಗೆಯಲ್ಲೇ ಬಾಗಿಲುಗಳು ಜೋತುಬಿದ್ದವು. ಊರಿನ ಹಿರಿಯ ಬಡಗಿಯೊಬ್ಬರು ಒಳಹೊದಿಕೆ ಬಿಚ್ಚಿ ನೋಡಿದಾಗ ಕಂಡದ್ದು ಹಸಿ ನೀಲಗಿರಿ. ಅಂತರ್ಜಲದ ಕಾರಣಕ್ಕೆ ಅದನ್ನು ನೆಡುವುದನ್ನು ಸರ್ಕಾರ 2017ರಲ್ಲೇ ನಿಷೇಧಿಸಿದ್ದರೂ ನಮ್ಮ ಜಿಲ್ಲೆಯಲ್ಲಿ ಅಗ್ಗವಾಗಿ ಸಿಗುವ ಮರ ಅದೇ ತಾನೆ! ಒಣಗುತ್ತಾ ತಿರುಚಿಕೊಳ್ಳುವುದು, ಸೀಳುವುದು ಅದರ ಗುಣ. ಕೀಲಿನ ಕೆಳಗೆ ಸ್ಟೀಲ್ ಸ್ಕೇಲಿನ ತುದಿ ತೂರುವಷ್ಟು ಅಗಲದ ಬಿರುಕಿತ್ತು. ಅದರೊಳಗೆ ಲಪ್ಪ ತುಂಬಿ ಮೇಲೆ ಬಣ್ಣ ಬಳಿದಿದ್ದರು. ಕಬ್ಬಿಣದ ಮೊಳೆಗಳ ಸುತ್ತ ಮರ ಮಸಿಯಂತೆ ಕಪ್ಪಾಗಿತ್ತು. ಒಂದು ಮರಕ್ಕೆ ತೂತು ಕೊರೆದು ಇನ್ನೊಂದರ ತುದಿಯನ್ನು ಅದರಲ್ಲಿ ಬಿಗಿಯಾಗಿ ಕೂರಿಸಬೇಕಾದ ಕಡೆಯಲ್ಲೆಲ್ಲ ಎರಡನ್ನೂ ಬರಿದೇ ತಾಗಿಸಿ ಮೊಳೆ ಹೊಡೆದಿದ್ದರು.

ಹಿಂಚಕ್ರದ ಮೇಲಿನ ಕಮಾನಿನದು ಇನ್ನೊಂದು ಕಥೆ. ಮರವನ್ನು ಆವಿಯಲ್ಲಿ ಬಗ್ಗಿಸಬೇಕು, ಇಲ್ಲವೇ ಎಳೆಗಳು ಕಮಾನಿನ ಉದ್ದಕ್ಕೇ ಸಾಗುವಂತೆ ಚಿಕ್ಕ ತುಂಡುಗಳನ್ನು ಜೋಡಿಸಬೇಕು. ಇವರು ಒಂದೇ ನೇರ ಹಲಗೆಯಿಂದ ಬಿಲ್ಲಿನಾಕಾರ ಕತ್ತರಿಸಿದ್ದರಿಂದ ಎಳೆಗಳು ಅಡ್ಡಡ್ಡವಾಗಿ ತುಂಡಾಗಿ, ಹಳ್ಳವೊಂದಕ್ಕೆ ಚಕ್ರ ಇಳಿದಾಗ ಕಮಾನು ಮುರಿಯಿತು.

ಇವೆಲ್ಲಕ್ಕಿಂತ ದೊಡ್ಡ ನಷ್ಟವೆಂದರೆ, ಬಿಚ್ಚಿದ ಹಳೆಯ ಮರವನ್ನು ಶೆಡ್ಡಿನವರು ಒಲೆಗೆ ಹಾಕಿದ್ದು. ಎಷ್ಟೇ ಲಡ್ಡಾಗಿದ್ದರೂ ಆ ತುಂಡುಗಳೇ ಹೊಸ ಚೌಕಟ್ಟಿಗೆ ನಕ್ಷೆ. ಒಂದೊಂದರ ಬಾಗು, ದಪ್ಪ, ಕೂಡಿಕೆಯ ಆಳ ಅವುಗಳಲ್ಲೇ ಉಳಿದಿರುತ್ತವೆ. ಈಗ ತಗಡಿನ ಅಂಚಿನಲ್ಲಿರುವ ಹಳೆಯ ಮೊಳೆತೂತುಗಳ ಜಾಡು ಹಿಡಿದು ರಟ್ಟಿನ ಮೇಲೆ ಅಚ್ಚು ಬರೆಯಬೇಕಾಗಿ ಬಂದಿದೆ.

ಆದ್ದರಿಂದ ಮರದ ಜಾತಿ ಯಾವುದು, ಹಳೆಯ ತುಂಡುಗಳು ವಾಪಸ್ಸು ಬರುತ್ತವೆಯೇ, ತಗಡು ಹೊದಿಸುವ ಮುನ್ನ ಬರಿಯ ಚೌಕಟ್ಟನ್ನು ತೋರಿಸುತ್ತಾರೆಯೇ ಎಂಬುದನ್ನೆಲ್ಲ ಕಾಗದದ ಮೇಲೆ ಬರೆಸಿಕೊಳ್ಳಿ. ನೆರಳಲ್ಲಿ ಒಣಗಿಸುವ ಮರಕ್ಕೆ ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಬೇಕೆಂಬುದು ಹಳೆಯ ಲೆಕ್ಕ. ಸಾಧ್ಯವಾದರೆ ತೇವಮಾಪಕ ಹಿಡಿದು ನೋಡಿ, ಶೇ. 12ರ ಆಸುಪಾಸಿನಲ್ಲಿದ್ದರೆ ಸರಿ. ನಮಗೆ ಹಣ ಮರಳಿಸಲು ಶೆಡ್ಡಿನವರು ಒಪ್ಪಿಲ್ಲ. ಬಿಲ್ಲಿನಲ್ಲಿ 'ಮರದ ಕೆಲಸ' ಎಂದಷ್ಟೇ ಇದೆ, ತೇಗವೆಂದು ಎಲ್ಲಿ ಬರೆದಿದೆ ತೋರಿಸಿ ಎನ್ನುತ್ತಾರೆ.